ಅಳಿಯಂದಿರ ಮೇಲೊಂದು ದೂರು

ಈ ಊರಿನ ಚಾವಡಿಯ ಗಂಟೆ ಬೆಳಗಿನಿಂದ ಸಂಜೆಯವರೆಗೆ ಹೊಡೆಯುತ್ತಲೇ ಇರುತ್ತದೆ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನಾನು, ಅಬ್ಬಾ, ಈ ಜನಕ್ಕೆ ಎಷ್ಟು ದೈವಭಕ್ತಿ ಎಂದುಕೊಂಡಿದ್ದೆ. ಭಕ್ತಿಯಲ್ಲ, ಜಗಳ. ಪಕ್ಕದ ಮನೆಯ ಕೋಳಿ ನೀವು ಒಣಹಾಕಿದ ರಾಗಿಗೆ ಬಾಯಿ ಹಾಕಿತೋ, ಎದುರುಮನೆಯವರು ಕಸವನ್ನು ನಿಮ್ಮ ಬಾಗಿಲ ಕಡೆಗೆ ಗುಡಿಸಿದರೋ, ನೀವು ನೆಟ್ಟಗೆ ಚಾವಡಿಗೆ ನಡೆದು ಹಗ್ಗ ಎಳೆಯುತ್ತೀರಿ. ಗಂಟೆ ಹೊಡೆಯುತ್ತದೆ. ಆ ಸದ್ದು ಅಡಗಿದ ಮೇಲೆ ಗಟ್ಟಿಯಾಗಿ ಅವರ ಹೆಸರು ಕೂಗಿ, ಅವರು ಮಾಡಿದ್ದೇನು ಎಂದು ಹೇಳುತ್ತೀರಿ. ಅಲ್ಲಿಗೆ ಮುಗಿಯಿತು. ದಂಡವಿಲ್ಲ, ಶಿಕ್ಷೆಯಿಲ್ಲ, ತೀರ್ಪೂ ಇಲ್ಲ. ದೂರು ಕೊಟ್ಟವರೂ ಹೇಳಿಸಿಕೊಂಡವರೂ ಒಟ್ಟಿಗೇ ಎಲೆಅಡಿಕೆ ಹಾಕಿಕೊಂಡು ಮನೆಗೆ ವಾಪಸಾಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದೇ ಕಟ್ಟಳೆ, ಸಿಟ್ಟು ನಿಜವಾಗಿರಬೇಕು. ಹೊಟ್ಟೆಯೊಳಗೆ ಸಿಟ್ಟಿಲ್ಲದೆ ಎಳೆದರೆ ಗಂಟೆ ತೂಗಾಡುತ್ತದೆ, ಸದ್ದು ಬರುವುದಿಲ್ಲ.

ಇಲ್ಲಿ ಮಗು ಹುಟ್ಟಿದ ಮನೆಯವರು ನಾಮಕರಣಕ್ಕೆ ಮುಹೂರ್ತ ನೋಡುವುದಿಲ್ಲ. ನೆರೆಹೊರೆಯವರು ಯಾರಾದರೂ ಅದರ ಅಳುವಿನಿಂದ ನಿದ್ದೆಗೆಟ್ಟು, ಕೆಂಡಾಮಂಡಲವಾಗಿ ಹೋಗಿ ಗಂಟೆ ಹೊಡೆದು ಬಂದ ದಿನವೇ ಮುಹೂರ್ತ. ತಂದೆತಾಯಿ ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಅಂದಿನಿಂದ ಆ ಕೂಸು ಈ ಊರಿನದು. ತೀರಾ ಸಾಧುವಾದ ಮಕ್ಕಳಿದ್ದರೆ ಪಾಪ, ತಾಯಂದಿರು ಚಿಂತೆಗೆ ಬೀಳುತ್ತಾರೆ.

ಹೊರಗಿನಿಂದ ಬಂದವರಿಗೂ ಇದೇ ಕಾಯಿದೆ. ನಾನು ನದಿಯಾಚೆಯ ದೇಶದವನು, ದರ್ಜಿ. ನನ್ನ ಹೆಂಡತಿ ವನಮಾಲ ಅಲ್ಲಿಗೆ ಯಾರದೋ ಮದುವೆಗೆಂದು ಬಂದವಳು ನನ್ನ ಅಂಗಡಿಗೆ ರವಿಕೆ ಹೊಲಿಯಲು ಕೊಟ್ಟಳು. ನಾನು ಹೇಳಿದ ದಿನಕ್ಕೆ ಕೊಡಲಿಲ್ಲ. ಯಾವ ದರ್ಜಿ ಕೊಟ್ಟಿದ್ದಾನೆ? ಅವಳು ಅಂಗಡಿಯ ಮುಂದೆ ನಿಂತು ನನ್ನ ಜನ್ಮ ಜಾಲಾಡಿದಳು. ಹಾಗೆ ಬೈಯುವ ಬಾಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಮನಸೋತೆ. ಅವಳು ಹುಟ್ಟೂರು ಬಿಟ್ಟು ಇರಲಾರೆ ಎಂದಳು. ಹೊಲಿಗೆಯಂತ್ರವನ್ನು ಎಲ್ಲಿಟ್ಟರೂ ಹೊಲಿಯುತ್ತದೆ ಎಂದು ನಾನು ಹೊರಟುಬಂದೆ. ಹೆಂಡತಿಯ ಊರಿಗೆ ಬಂದು ನೆಲೆಸಿದ ಅಳಿಯನನ್ನು ಜನ ಆಡಿಕೊಳ್ಳುತ್ತಾರೆ ಎಂಬ ಅಳುಕು ನನಗಿತ್ತು. ಆಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಬಂದ ವಾರವೇ ಪೌರತ್ವಕ್ಕೆ ಅರ್ಜಿ ಹಾಕಿದೆ. ಚಾವಡಿಯ ಅಧಿಕಾರಿ ಶಿವನಂಜಪ್ಪನವರು ಮೃದು ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ. ನನಗೆ ಕುರ್ಚಿ ಹಾಕಿಸಿ, ಎಳನೀರು ತರಿಸಿ ಕೂರಿಸಿದರು.

"ನಿಮ್ಮ ಕಾಗದಪತ್ರ ಎಲ್ಲಾ ಸರಿಯಾಗಿದೆ ಅಳಿಯಂದಿರೇ. ಇನ್ನು ಒಂದು ದೂರು ಬಿದ್ರೆ ಆಯ್ತು. ಮೂರನೇ ಮಾವಿನ ಸುಗ್ಗಿ ಮುಗಿಯೋವರೆಗೂ ಟೈಮಿದೆ. ಅಷ್ಟರೊಳಗೆ ಒಬ್ಬರಾದರೂ ಸಿಟ್ಟಾಗಲ್ವೇ?"

"ಅಷ್ಟರೊಳಗೆ ಬೀಳದೇ ಹೋದರೆ?"

"ಅತಿಥಿ ಅಂದಮೇಲೆ ಒಂದು ದಿನ ಹೊರಡಲೇಬೇಕಲ್ಲ," ಎಂದು ಅವರು ಬಹಳ ನೊಂದುಕೊಂಡು ಹೇಳಿದರು. "ಆದರೆ ನಿಮ್ಮ ವಿಷಯದಲ್ಲಿ ಹಾಗಾಗಲ್ಲ ಬಿಡಿ. ನೀವು ದರ್ಜಿ ಬೇರೆ."

ನಾನೂ ಹಾಗೇ ನಂಬಿದೆ. ನನ್ನ ಊರಲ್ಲಿ ದಿನ ಬೆಳಗಾದರೆ ನಾಲ್ಕು ಜನ ಬಂದು ಕುತ್ತಿಗೆ ಬಿಗಿ, ತೋಳು ಸಡಿಲ, ಬಟ್ಟೆ ಉಳಿಸಿಕೊಂಡೆ ಕಳ್ಳ ಎಂದು ಕೂಗಾಡಿ ಹೋಗುತ್ತಿದ್ದರು. ಒಂದು ದೂರು ಯಾವ ಮಹಾ! ಹೆಂಡತಿಯ ದೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಅದು ಎಲ್ಲ ದೇಶಗಳಲ್ಲೂ ಇದ್ದದ್ದೇ ಎಂದು ಶಿವನಂಜಪ್ಪನವರು ನಕ್ಕರು.

ಆದರೆ ನಾನು ಅಳಿಯ. ನಮ್ಮ ಅತ್ತೆಮಾವನಿಗೆ ಮಾತ್ರವಲ್ಲ, ಇಡೀ ಬೀದಿಗೇ ಅಳಿಯ. ಅಳಿಯನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ನಮ್ಮತ್ತೆಯಂತೂ ನನ್ನೆದುರು ನಿಂತು ಮಾತಾಡಿದವರೇ ಅಲ್ಲ. ಬಾಗಿಲ ಮರೆಯಿಂದ, "ಅಳಿಯಂದಿರಿಗೆ ಇನ್ನೊಂದು ಸೌಟು ತುಪ್ಪ ಹಾಕೇ," ಎಂದು ಮಗಳಿಗೆ ಹೇಳುವರು. ನನ್ನ ತಟ್ಟೆ ಬೆಳ್ಳಿಯದು, ಲೋಟ ಬೆಳ್ಳಿಯದು. ನಾನು ಬಚ್ಚಲಿಂದ ಹೊರಬಂದರೆ ಟವೆಲು ಹಿಡಿದುಕೊಂಡು ಮಾವ ನಿಂತಿರುವರು. ಬಾವಿಯಿಂದ ಒಂದು ಕೊಡ ನೀರು ಸೇದಲು ಹೋದರೆ ಮನೆಮಂದಿಯೆಲ್ಲ ಅಯ್ಯೋ ಅಯ್ಯೋ ಎಂದು ಓಡಿಬರುವರು. ಅತಿಥಿಗೆ ಕೆಲಸ ಹೇಳಬಾರದು, ಅತಿಥಿ ತಾನಾಗಿ ಕೇಳಿದರೆ ಇಲ್ಲವೆನ್ನಬಾರದು. ನಾನು ಹೊಲಿಗೆಯಂತ್ರವನ್ನು ಜಗಲಿಯ ಮೇಲಿಟ್ಟು ಬಟ್ಟೆ ಕೊಡಿ ಎಂದು ಕೇಳಿದೆ. ಬೀದಿಯವರೆಲ್ಲ ತಂದುಕೊಟ್ಟರು.

ಮೊದಲ ಸುಗ್ಗಿ ಕಳೆಯಿತು. ಬೀದಿಯಲ್ಲಿ ಪ್ರತಿ ಮನೆಯವರೂ ಪ್ರತಿ ಮನೆಯವರ ಮೇಲೆ ಗಂಟೆ ಹೊಡೆದರು. ನನ್ನ ಮೇಲೆ ಇಲ್ಲ. ಎರಡನೆಯ ವರ್ಷ ನಾನೇ ಸ್ವಲ್ಪ ಕೈಚಳಕ ತೋರಿಸಬೇಕೆಂದು ತೀರ್ಮಾನಿಸಿದೆ. ಊಟವಾಗಿ ಜನ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಯಂತ್ರವನ್ನು ಗಡಗಡ ತುಳಿಯತೊಡಗಿದೆ. ನಾಲ್ಕು ದಿನ ಕಳೆದು, ಪಕ್ಕದ ಮನೆಯ ಹೊಂಬಾಳಮ್ಮನನ್ನು "ಸದ್ದಿನಿಂದ ತೊಂದರೆ ಆಗ್ತಿದೆಯಾ?" ಎಂದು ಆಸೆಯಿಂದ ಕೇಳಿದೆ.

"ಎಲ್ಲಾದರೂ ಉಂಟೇ? ಜೋಗುಳ ಹಾಡಿದ ಹಂಗಿರತ್ತೆ," ಎಂದರು ಆಕೆ. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

ಆಮೇಲೆ ಶಾಲೆಯ ಮೇಷ್ಟರು ಚನ್ನಬಸಪ್ಪನವರು ಷರಟಿನ ಬಟ್ಟೆ ಕೊಟ್ಟರು. ದರ್ಜಿಯಾಗಿ ಮಾಡಬಾರದ್ದನ್ನು ಮಾಡಿದೆ. ಬಲತೋಳನ್ನು ಎಡತೋಳಿಗಿಂತ ಒಂದು ಗೇಣು ಗಿಡ್ಡ ಮಾಡಿ ಹೊಲಿದುಕೊಟ್ಟೆ. ಮೇಷ್ಟರು ಹಾಕಿಕೊಂಡು ಕನ್ನಡಿ ನೋಡಿ, ಗಿಡ್ಡ ತೋಳನ್ನು ಒಮ್ಮೆ ಕೆಳಗೆಳೆದು, "ಬರೆಯೋ ಕೈಗೆ ಅನುಕೂಲವಾಯ್ತು ಅಳಿಯಂದಿರೇ," ಎಂದು ಕೈಮುಗಿದು ಹೋದರು. ಮರುವಾರ ಇಬ್ಬರು ಯುವಕರು ಬಂದು ತಮಗೂ ಅದೇ ಮಾದರಿಯ ಷರಟು ಬೇಕೆಂದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ಮಾವ ನನ್ನ ಸಂಕಟ ನೋಡಲಾರದೆ ತಮ್ಮ ಗೆಳೆಯ, ಕಾಫಿಪುಡಿ ಅಂಗಡಿಯ ರುದ್ರಮೂರ್ತಿಯವರನ್ನು ಒಪ್ಪಿಸಿದರು. ನಾನು ಅವರ ಹಿತ್ತಲಿಗೆ ಹೋಗಿ ಒಂದು ಬಾಳೆಗಿಡ ಮುರಿಯುವುದು, ಅವರು ರೇಗಿಕೊಂಡು ದೂರು ಕೊಡುವುದು, ಇದು ನಮ್ಮ ಹೂಟ. ಬಾಳೆಗಿಡ ಮುರಿದೆ. ಅವರು ಮೂಗಿನ ಹೊಳ್ಳೆ ಅರಳಿಸಿಕೊಂಡು, ದಾರಿಯುದ್ದಕ್ಕೂ ತಮ್ಮನ್ನು ತಾವೇ ಹುರಿದುಂಬಿಸಿಕೊಂಡು ಚಾವಡಿಗೆ ನಡೆದರು. ಹಗ್ಗ ಎಳೆದರು. ಗಂಟೆ ಅತ್ತ ಹೋಯಿತು, ಇತ್ತ ಬಂತು, ಕಿಂಕ್ ಎನ್ನಲಿಲ್ಲ. ಇನ್ನೊಮ್ಮೆ ಎರಡು ಕೈಯಲ್ಲಿ ಜಗ್ಗಿದರು. ಇಲ್ಲ.

"ಆಗ್ತಾ ಇಲ್ಲ ಕಣಯ್ಯ," ಎಂದು ಅವರು ಮಾವನ ಹತ್ತಿರ ಗೊಣಗಿದರು. "ನಾಲ್ಕು ಗೊನೆ ಕಡಿದಿದ್ರೂ ಆಗ್ತಿರಲಿಲ್ಲ. ಪಾಪ, ಹೊರಗಿನಿಂದ ಬಂದೋರು, ಅವರಿಗೇನು ತಿಳಿಯತ್ತೆ?"

ಆ ಪಾಪ ಎಂಬ ಮಾತು ನನಗೆ ಎಷ್ಟು ಚುಚ್ಚಿತೆಂದರೆ, ನದಿಯಾಚೆ ಹತ್ತು ಜನ ಕಳ್ಳ ಎಂದು ಕೂಗಿದಾಗಲೂ ಅಷ್ಟು ಚುಚ್ಚಿರಲಿಲ್ಲ. ಎಲ್ಲರೂ ಎಲ್ಲವನ್ನೂ ಕ್ಷಮಿಸುತ್ತಿದ್ದರು. ನಾನು ತಪ್ಪು ಮಾಡುವ ಮೊದಲೇ ಕ್ಷಮೆ ತಯಾರಾಗಿರುತ್ತಿತ್ತು. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಚಾವಡಿಯ ಕಡೆಯಿಂದ ಬರುವ ಹೆಸರುಗಳನ್ನು ಕೇಳುತ್ತಿದ್ದೆ. ಯಾರು ಯಾರ ಗೋಡೆಗೆ ಬೆರಣಿ ತಟ್ಟಿದರು, ಯಾರು ಯಾರ ಮಗಳ ಜಡೆ ನೋಡಿ ನಕ್ಕರು. ಕೇಳಿ ಹೊಟ್ಟೆಕಿಚ್ಚಾಗುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯೇನು?

ಮೂರನೆಯ ಸುಗ್ಗಿಯೂ ಬಂತು, ಮುಗಿಯುತ್ತಲೂ ಬಂತು. ಮರಗಳಲ್ಲಿ ಕಡೆಯ ಕಾಯಿಗಳನ್ನು ಇಳಿಸುತ್ತಿದ್ದರು. ಶಿವನಂಜಪ್ಪನವರು ಮನೆಗೇ ಬಂದು, ಕನ್ನಡಕ ಒರೆಸಿಕೊಂಡು, ವಾರದೊಳಗೆ ಹೊರಡಬೇಕಾಗುತ್ತದೆ ಎಂದು ಹೇಳಿ ತಲೆತಗ್ಗಿಸಿ ಹೋದರು. ಅತ್ತೆ ಬಾಗಿಲ ಮರೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ವನಮಾಲ ಟ್ರಂಕು ಇಳಿಸಿ ಸೀರೆ ಜೋಡಿಸತೊಡಗಿದಳು.

"ನೀನ್ಯಾಕೆ ಜೋಡಿಸ್ತಿದೀಯ? ಊರು ಬಿಟ್ಟು ಇರೋಕಾಗಲ್ಲ ಅಂದಿದ್ದೆಯಲ್ಲ."

"ಬಿಟ್ಟು ಇರೋಕಾಗಲ್ಲ ಅಂದಿದ್ದು ನಿಮ್ಮ ಜೊತೆ ಬಾಳೋಕೆ ಮೊದಲು," ಎಂದಳು. "ಅಲ್ಲೂ ಜಗಳ ಆಡ್ತಾರಲ್ಲ? ಅಷ್ಟಾದರೆ ಸಾಕು ನಂಗೆ." ಹಾಗೆಂದವಳು ಟ್ರಂಕಿನ ಮುಚ್ಚಳದ ಹಿಂದೆ ಮುಖ ಮರೆಮಾಡಿಕೊಂಡಳು. ನಾನು ಈ ಊರಿನಿಂದ ಕಿತ್ತುಕೊಂಡು ಹೋಗುತ್ತಿರುವುದು ನನ್ನೊಬ್ಬನನ್ನಲ್ಲ ಎಂದು ಗೊತ್ತಾಗಿ, ಅಲ್ಲಿ ನಿಲ್ಲಲಾರದೆ ಜಗಲಿಗೆ ಬಂದೆ. ಯಂತ್ರದ ತಿರುಪು ಬಿಚ್ಚಿ ಗೋಣಿಯಲ್ಲಿ ಸುತ್ತಲು ಕೂತೆ.

ಆಗ ಹೊಂಬಾಳಮ್ಮ ಸೆರಗಿನಲ್ಲಿ ಒಂದು ಜಾಡಿ ಮುಚ್ಚಿಕೊಂಡು ಬಂದರು. ಈ ಹೊಂಬಾಳಮ್ಮನ ವಿಷಯ ಸ್ವಲ್ಪ ಹೇಳಬೇಕು. ಒಂಟಿ ಹೆಂಗಸು, ದೊಡ್ಡ ಆಳು, ದೊಡ್ಡ ಗಂಟಲು, ಬೀದಿಯಲ್ಲಿ ಅತಿ ಹೆಚ್ಚು ಗಂಟೆ ಹೊಡೆದವರು ಅವರೇ. ಉಪ್ಪಿನಕಾಯಿ ಹಾಕುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ನಂಬಿದ್ದರು. ನಾನು ಬಂದ ಹೊಸದರಲ್ಲಿ ಒಂದು ಹೋಳು ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, ಅಮೃತ ಎಂದುಬಿಟ್ಟಿದ್ದೆ. ಅಳಿಯನಾದವನು ಇನ್ನೇನು ಹೇಳಿಯಾನು? ಅಂದಿನಿಂದ ತಪ್ಪದೆ ಜಾಡಿಯ ಮೇಲೆ ಜಾಡಿ ಬರುತ್ತಿತ್ತು.

"ದಾರಿಗಿರಲಿ ಅಂತ ತಂದೆ ಅಳಿಯಂದಿರೇ," ಎಂದರು. "ಈ ಸಲದ ಕಾಯಿ. ನಿಮಗೆ ಇಷ್ಟ ಅಂತ ಉಪ್ಪು ಒಂದು ಹಿಡಿ ಜಾಸ್ತೀನೇ ಹಾಕಿದೀನಿ."

"ಬೇಡ ಹೊಂಬಾಳಮ್ಮ."

"ಸಂಕೋಚ ಪಟ್ಕೋಬೇಡಿ."

ನಾನು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟೆ. ದೂರು ಬೀಳಲಿ ಎಂಬ ಆಸೆಯಿಂದ ಆಡಿದ ಮಾತಲ್ಲ ಇದು, ಆ ಆಸೆ ಬಿಟ್ಟುಹೋಗಿತ್ತು. ಹೋಗುವವನಿಗೆ ಇನ್ಯಾವ ಮುಲಾಜು?

"ಸಂಕೋಚ ಅಲ್ಲ. ನಿಮ್ಮ ಉಪ್ಪಿನಕಾಯಿ ಬಾಯಿಗಿಡೋ ಹಾಗಿಲ್ಲ. ಬರೀ ಉಪ್ಪು. ನಾನು ಬಂದಾಗಿಂದ ಹಾಗೇ ಇದೆ, ವರ್ಷ ವರ್ಷಕ್ಕೂ ಜಾಸ್ತಿ ಆಗ್ತಿದೆ."

ಹೊಂಬಾಳಮ್ಮ ಜಾಡಿಯನ್ನು ಎದೆಗವಚಿಕೊಂಡರು. "ಅಮೃತ ಅಂದಿದ್ರಿ."

"ಸುಳ್ಳು ಹೇಳಿದ್ದೆ."

"ಮತ್ತೆ ಅಷ್ಟೊಂದು ಜಾಡಿ ಖಾಲಿ ಮಾಡಿ ಕೊಟ್ರಲ್ಲ, ಅದೆಲ್ಲಾ ಎಲ್ಲಿ ಹೋಯ್ತು?"

"ಎಮ್ಮೆ ಕಲಗಚ್ಚಿಗೆ ಹಾಕಿದೆ. ಎಮ್ಮೇನೂ ಮುಟ್ಟಲಿಲ್ಲ."

ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕಿವಿಯವರೆಗೆ ಕೆಂಪೇರಿತು. ಒಳಗಿನಿಂದ ವನಮಾಲ ಓಡಿಬಂದು ಬಾಗಿಲಲ್ಲಿ ನಿಂತಳು.

"ಹಂಗಾ?" ಎಂದರು ಹೊಂಬಾಳಮ್ಮ. "ನನ್ನ ಉಪ್ಪಿನಕಾಯಿ ಎಮ್ಮೆಗಾ? ಹಂಗಾದ್ರೆ ನೀನು ಹೊಲಿದುಕೊಟ್ಟ ರವಿಕೆ ಯಾರಿಗೋ? ಇಗೋ ನೋಡು," ಎಂದು ತೋಳೆತ್ತಿ ಕಂಕುಳು ತೋರಿಸಿದರು. "ಇಲ್ಲಿ ಕಚ್ತದೆ. ಇಲ್ಲಿ ಹಿಡೀತದೆ. ಕೈ ಎತ್ತಿ ಮೇಲಿಂದ ಒಂದು ಡಬ್ಬ ಇಳಿಸೋಕಾಗಲ್ಲ. ಉಸಿರು ಬಿಗಿಹಿಡಿದು ಗುಂಡಿ ಹಾಕ್ಕೋತೀನಿ, ರಾತ್ರಿ ಬಿಚ್ಚಿದ ಮೇಲೇ ನಾನು ಉಸಿರು ಬಿಡೋದು!"

"ನೀವು ಕೊಟ್ಟ ಅಳತೆ ರವಿಕೆಗೆ ತಕ್ಕ ಹಾಗೇ ಹೊಲಿದಿದೀನಿ."

"ಆ ಅಳತೆ ರವಿಕೆ ನನ್ನ ಮದುವೇದು ಕಣೋ! ನನ್ನ ನೋಡಿದ್ರೆ ನಿಂಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ದಪ್ಪ ಆಗಿದೀರಿ ಅಂತ ಹೇಗೆ ಹೇಳಲಿ? ಮರ್ಯಾದೆ ಬೇಡ್ವಾ?"

"ದರ್ಜಿಗೆ ಎಂಥಾ ಮರ್ಯಾದೆ? ಟೇಪು ತಗೊಂಡು ಅಳೀಬೇಕು, ಇಷ್ಟಾಗಿದೀಯ ಅನ್ನಬೇಕು. ನಿನ್ನ ಮರ್ಯಾದೆಗೆ ಬೆಂಕಿ ಹಾಕ!"

ನನಗೂ ರೋಷ ಬಂತು. ಎಷ್ಟೋ ದಿನದ ಮೇಲೆ ಕಸುಬಿನ ರೋಷ. "ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿದಿದೀನಿ. ಬಂದು ಒಂದು ಮಾತು ಹೇಳಿದ್ರೆ ಬಿಚ್ಚಿ ಸರಿಮಾಡಿ ಕೊಡ್ತಿದ್ದೆ. ಬಾಯಿ ಇರಲಿಲ್ವಾ?"

"ಅಳಿಯಂದಿರು, ನೊಂದ್ಕೋತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದೆ ಕಣೋ ದರಿದ್ರದವನೇ!" ಎಂದು ಹೊಂಬಾಳಮ್ಮ ಜಾಡಿಯನ್ನು ವನಮಾಲಳ ಕೈಗೆ ತುರುಕಿ ಬೀದಿಗಿಳಿದರು. ಆ ನಡಿಗೆ ನೋಡಿದ ಮೇಲೂ ಅವರು ಎಲ್ಲಿಗೆ ಹೊರಟರು ಎಂದು ನನಗೆ ಹೊಳೆಯಲಿಲ್ಲ, ಅಷ್ಟು ರೇಗಿಹೋಗಿತ್ತು. ಒಳಗೆ ಬಟ್ಟೆ ಬಿಟ್ಟಿದ್ದು ಸುಳ್ಳಾ ನೋಡಿ ಬೇಕಾದರೆ ಎಂದು ಕೂಗುತ್ತ ಅವರ ಹಿಂದೆಯೇ ನಡೆದೆ. ಉಪ್ಪು ಜಾಸ್ತಿಯಂತೆ, ನಾಲಿಗೆ ಇದೆಯಾ ಇವನಿಗೆ ಎಂದು ಅವರು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಮನೆಮನೆಯಿಂದ ಜನ ಹೊರಗೆ ಬಂದರು. ಯಾರೂ ನಗಲಿಲ್ಲ, ಯಾರೂ ಬಿಡಿಸಲಿಲ್ಲ. ಮೇಷ್ಟರು ಚನ್ನಬಸಪ್ಪನವರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ಅವರ ಗಿಡ್ಡ ತೋಳು ಮೊಣಕೈಯವರೆಗೆ ಏರಿತ್ತು.

ಚಾವಡಿಯ ಮೆಟ್ಟಿಲನ್ನು ಹೊಂಬಾಳಮ್ಮ ಒಂದೇ ಉಸಿರಿಗೆ ಹತ್ತಿ ಹಗ್ಗಕ್ಕೆ ಕೈಹಾಕಿದರು. ಆಗ ನನಗೆ ತಿಳಿಯಿತು.

ಗಂಟೆ ಹೊಡೆಯಿತು. ಎಂಥ ಸದ್ದು ಅದು! ಇಷ್ಟು ವರ್ಷ ಜಗಲಿಯಲ್ಲಿ ಕೂತು ಕೇಳಿದ ಸದ್ದೇ, ಆದರೆ ನನಗಾಗಿ ಹೊಡೆದಾಗ ಎದೆಯ ಮೂಳೆಗಳೆಲ್ಲ ಅಲುಗಾಡಿದವು. ಒಳಗಿನಿಂದ ಶಿವನಂಜಪ್ಪನವರು ಕನ್ನಡಕ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದರು. ಸದ್ದು ಮೆಲ್ಲಗೆ ಅಡಗಿತು. ಹೊಂಬಾಳಮ್ಮ ಬಾಯಿ ತೆರೆದರು, ತೆರೆದವರು ಹಾಗೆಯೇ ನಿಂತರು.

"ಕೂಗಮ್ಮ," ಎಂದರು ಶಿವನಂಜಪ್ಪನವರು. "ಹೆಸರು ಕೂಗದೇ ಇದ್ರೆ ದೂರು ಯಾರ ಮೇಲೂ ಬೀಳಲ್ಲ."

ಹೊಂಬಾಳಮ್ಮ ಹಗ್ಗ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಮುಖದ ತುಂಬ ಬೆವರು, ಕಣ್ಣಲ್ಲಿ ಇನ್ನೂ ಕಿಡಿ.

"ಏನೋ ನಿನ್ನ ಹೆಸರು?"

ಅರ್ಜಿಯಲ್ಲಿ ಬರೆದದ್ದು ಬಿಟ್ಟರೆ, ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಅವರಿಗೆ ಬೇಕಾಗಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರ ಬಾಯಲ್ಲಿ ನಾನು ಅಳಿಯಂದಿರು, ವನಮಾಲಳಿಗೆ ನಾನು ರೀ. ಎರಡು ಸಲ ತುಟಿ ಆಡಿಸಿದೆ, ಮೂರನೆಯ ಸಲಕ್ಕೆ ಬಂತು.

"ಮರಿಲಿಂಗ."

"ಮರಿಲಿಂಗ!" ಎಂದು ಹೊಂಬಾಳಮ್ಮ ಕೂಗಿದರು. ನದಿಯಾಚೆಗೂ ಕೇಳಿಸಿರಬೇಕು. "ನನ್ನ ಉಪ್ಪಿನಕಾಯಿಯನ್ನ ಎಮ್ಮೆಗೆ ಹಾಕಿದಾನೆ! ನನ್ನ ರವಿಕೆ ಕೆಡಿಸಿದಾನೆ! ಮರಿಲಿಂಗ! ದರ್ಜಿ ಮರಿಲಿಂಗ!"

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಹೆಂಗಸರ ಹಾಗೆ ಅತ್ತುಬಿಟ್ಟೆ ಎಂದು ವನಮಾಲ ಹೇಳುತ್ತಾಳೆ. ಅವಳೂ ಅಳುತ್ತಿದ್ದಳು, ಅವಳಿಗೇನು ಕಂಡಿರುತ್ತದೆ? ಶಿವನಂಜಪ್ಪನವರು ಬಂದು ನನ್ನ ಬೆನ್ನು ತಟ್ಟಿ, ಅರ್ಜಿ ಇಂದೇ ಮಂಜೂರು ಮಾಡುವುದಾಗಿ ಹೇಳಿದರು. ಮಾವ ಸಕ್ಕರೆ ತರಲು ಅಂಗಡಿಗೆ ಓಡಿದರು. ಎಲ್ಲ ಮುಗಿಯಿತು ಎಂದು ನಾನು ಕಣ್ಣೊರೆಸಿಕೊಂಡು ಏಳುವಷ್ಟರಲ್ಲಿ, ಹೊಂಬಾಳಮ್ಮನ ಕೈಯಿಂದ ಹಗ್ಗವನ್ನು ಮೇಷ್ಟರು ಚನ್ನಬಸಪ್ಪನವರು ಇಸಿದುಕೊಳ್ಳುವುದು ಕಾಣಿಸಿತು.

"ಒಂದು ಸಾಕು ಮೇಷ್ಟ್ರೇ, ಕಾಯಿದೆಗೆ ಒಂದು ಸಾಕು," ಎಂದರು ಶಿವನಂಜಪ್ಪನವರು.

"ಕಾಯಿದೆಗೆ ಸಾಕು ಸ್ವಾಮಿ, ನನಗೆ ಸಾಲದು," ಎಂದು ಮೇಷ್ಟರು ಗಂಟೆ ಹೊಡೆದು ನನ್ನ ಹೆಸರು ಕೂಗಿ, ಮಕ್ಕಳೆಲ್ಲ ತಮ್ಮ ತೋಳು ನೋಡಿ ನಗುತ್ತಾರೆಂದು ನಡುಗುವ ದನಿಯಲ್ಲಿ ಹೇಳಿದರು. ಅವರ ಹಿಂದೆ ಆ ಇಬ್ಬರು ಯುವಕರು. ಅವರ ಹಿಂದೆ ಲಂಗ ಗಿಡ್ಡವಾದವರು, ಕಾಜ ತಪ್ಪಿದವರು, ಮಧ್ಯಾಹ್ನದ ನಿದ್ದೆ ಕಳೆದುಕೊಂಡವರು. ಬಾಳೆಗಿಡ ನೆನಪಾಗಿ ರುದ್ರಮೂರ್ತಿಯವರೂ ಬಂದು ಎಳೆದರು, ಈಗ ಸದ್ದು ಬಂತು. ಬೀದಿಗೆ ಬೀದಿಯೇ ಸಾಲು ನಿಂತಿತ್ತು, ಒಬ್ಬೊಬ್ಬರ ಬಾಯಲ್ಲೂ ನನ್ನ ಹೆಸರು. ನಾನು ಮೆಟ್ಟಿಲ ಮೇಲೆ ಕೂತು ಒಂದೊಂದಕ್ಕೂ ತಲೆಯಾಡಿಸಿ, ಯಾರದು ಬಿಚ್ಚಬೇಕು, ಯಾರದು ಹೊಸದಾಗಿ ಹೊಲಿಯಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೆ.

ಸಾಲಿನ ಕೊನೆಯಲ್ಲಿ ನಮ್ಮತ್ತೆ ನಿಂತಿದ್ದರು. ಅಲ್ಲಿ ಬಾಗಿಲೂ ಇರಲಿಲ್ಲ, ಮರೆಯೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗ್ಗ ಎಳೆದರು. ಗಂಟೆ ಹೊಡೆಯಿತು.

"ಮರಿಲಿಂಗ," ಎಂದರು. "ಬಂದಾಗಿಂದ ಸೋಪನ್ನ ನೀರಲ್ಲೇ ನೆನೆಯೋಕೆ ಬಿಟ್ಟು ಬಚ್ಚಲಿಂದ ಹೊರಗೆ ಬರ್ತಾನೆ. ಒಂದು ದಿನ ಎತ್ತಿಟ್ಟವನಲ್ಲ. ನನ್ನ ಹೊಟ್ಟೆ ಉರೀತದೆ." ಹಗ್ಗ ಬಿಟ್ಟು ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತರು. ಆ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

"ಇಲ್ಲೇನು ಕೂತಿದೀಯ?" ಎಂದರು. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ. ಉಕ್ಕಿ ಹೋಗತ್ತೆ, ಓಡಿಹೋಗಿ ಇಳಿಸು."